ವಿಜಯಪುರದ ಬಿಸಿಲಲ್ಲಿ ಕುಂಡದ ಕಾಳುಮೆಣಸು

ಕಾಳುಮೆಣಸು ಪಶ್ಚಿಮ ಘಟ್ಟದ ಕಾಡಿನ ಬಳ್ಳಿ, ನಮ್ಮ ವಿಜಯಪುರದ ಬಿಸಿಲಿಗೆ ಹೇಗೆ ತಾಳುತ್ತದೆ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಾನು ಹಿತ್ತಲಿಗೆ ಕರೆದುಕೊಂಡು ಹೋಗಿ ನಾಲ್ಕು ಕುಂಡ ತೋರಿಸುತ್ತೇನೆ. ಆರು ವರ್ಷದಿಂದ ನಮ್ಮ ಮನೆಯ ಕಷಾಯಕ್ಕೆ, ಸಾರಿಗೆ ಅಲ್ಲಿಯ ಕಾಳೇ.

ಮೊದಲ ಸಲ ನನ್ನ ಗಿಡವೂ ಸತ್ತಿತ್ತು. ನುಗ್ಗೆ ಮರದ ಬುಡದಲ್ಲಿ, ಎರೆ ಮಣ್ಣಲ್ಲೇ ಬಳ್ಳಿ ನೆಟ್ಟಿದ್ದೆ. ಮಳೆ ಬಂದಾಗ ಎರೆ ನೀರು ಹಿಡಿದುಕೊಂಡಿತು, ಬುಡ ಕೊಳೆಯಿತು. ತುಂಬಾ ಬೇಜಾರಾಯಿತು. ಕಾಡಿನಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮಳೆ ಸುರಿದರೂ ಸಡಿಲ ಮಣ್ಣಲ್ಲಿ ನೀರು ನಿಲ್ಲದೆ ಬಸಿದು ಹೋಗುತ್ತದೆ. ನಮ್ಮಲ್ಲಿ ಮಳೆ ಕಡಿಮೆ ಅಂತ ಕೊಡಗಟ್ಟಲೆ ನೀರು ಹಾಕಿದರೆ ಗಿಡ ಉಳಿಯುವುದಿಲ್ಲ. ಅದಕ್ಕೆ ಬೇಕಾದ್ದು ಕಾಡಿನ ನೆರಳು, ಕಾಡಿನ ತಂಪು.

ನಮ್ಮ ಕಡೆಗೆ ಪೊದೆ ಮೆಣಸೇ ಸರಿ. ಅದು ಬೇರೆ ಜಾತಿಯಲ್ಲ. ಮರಕ್ಕೆ ಹಬ್ಬುವ ಕುಡಿಯಿಂದ ಸಸಿ ಮಾಡಿದರೆ ಬಳ್ಳಿ, ಕಾಯಿ ಬಿಡುವ ಅಡ್ಡ ಟೊಂಗೆಯಿಂದ ಮಾಡಿದರೆ ಪೊದೆ. ವರ್ಷದೊಳಗೇ ತೆನೆ ಬಿಡುತ್ತದೆ. ಕೊಳ್ಳುವಾಗ ಮಣ್ಣಿನ ಮೇಲಿನ ಗೆಣ್ಣುಗಳನ್ನು ನೋಡಿ. ಅಂಟಿಕೊಳ್ಳುವ ಸಣ್ಣ ಬೇರುಗಳಿದ್ದರೆ ಅದು ಬಳ್ಳಿ. ನನಗೆ ಒಬ್ಬರು ಪೊದೆ ಅಂತ ಹೇಳಿ ಬಳ್ಳಿಯನ್ನೇ ಕೊಟ್ಟಿದ್ದರು, ಎರಡು ವರ್ಷ ಸುಮ್ನೆ ಹೋಯಿತು. ಒಳ್ಳೆಯ ಪೊದೆಯ ಬುಡದಿಂದಲೂ ಒಮ್ಮೊಮ್ಮೆ ಉದ್ದ ಕುಡಿ ಹೊರಡುತ್ತದೆ, ಕಂಡಕೂಡಲೇ ಕತ್ತರಿಸಿ.

ಒಂದಡಿ ಅಗಲದ ಕುಂಡ ಸಾಕು. ತಳದ ತೂತಿನ ಮೇಲೆ ಹೆಂಚಿನ ಚೂರು ಇಡಿ. ಮಸಾರಿ, ಅಂದರೆ ಕೆಂಪು ಮಣ್ಣು ಎರಡು ಪಾಲು, ಉಸುಕು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮಳೆ ಶುರುವಾದ ಮೇಲೆ ನೆಡಿ.

ಕಷ್ಟವಿರುವುದು ಬೇಸಿಗೆಯಲ್ಲಿ. ಮಾರ್ಚ್‌ನಿಂದ ಮೇ ತನಕ ಬಿಸಿಲು 40 ಡಿಗ್ರಿ ಮುಟ್ಟುತ್ತದೆ ಅಲ್ವಾ, ಆಗ ಕುಂಡವನ್ನು ಮಾಳಿಗೆಯ ಮೇಲೆ ಬಿಡಲೇಬೇಡಿ. ಕಾದ ಗೋಡೆಯ ಪಕ್ಕವೂ ಬೇಡ. ಮುಂಜಾನೆಯ ಎಳೆ ಬಿಸಿಲು ಮಾತ್ರ ಬೀಳುವ ಜಾಗ ಹುಡುಕಿ. ನಾನು ಕುಂಡಗಳನ್ನು ಒತ್ತೊತ್ತಾಗಿ ಇಟ್ಟು, ಸುತ್ತ ಗೋಣಿಚೀಲ ಕಟ್ಟಿ ದಿನಕ್ಕೆ ಎರಡು ಸಲ ಒದ್ದೆ ಮಾಡುತ್ತೇನೆ. ಬುಡದ ಮೇಲೆ ಒಣ ಎಲೆ ಹಾಸಿರುತ್ತೇನೆ. ಮೇಲಿನ ಮಣ್ಣಿಗೆ ಬೆರಳು ಒತ್ತಿ ನೋಡಿ, ಒಣಗಿದ್ದರೆ ಮಾತ್ರ ನೀರು. ಸವಳು ಬೋರ್ ನೀರು ಹಾಕಿದರೆ ಎಲೆಯ ಅಂಚು ಸುಡುತ್ತದೆ, ಹಿಡಿದಿಟ್ಟ ಮಳೆ ನೀರು ಸಿಕ್ಕರೆ ಬಂಗಾರ.

ಮಳೆಗಾಲದಲ್ಲಿ ತೆನೆ ಇಳಿಯುತ್ತದೆ. ಆಗ ಮಳೆ ಕೈಕೊಟ್ಟರೆ ದಿನಾಲೂ ತೆನೆಯ ಮೇಲೆ ತೆಳ್ಳಗೆ ನೀರು ಚಿಮುಕಿಸಿ. ಪರಾಗ ನೀರಿನ ಹನಿಯ ಜೊತೆ ಕೆಳಗಿಳಿದು ಕಾಳು ಕಟ್ಟುತ್ತದೆ. ಇದನ್ನು ತಪ್ಪಿಸಿದ ವರ್ಷ ನನ್ನ ತೆನೆಗಳು ಅರ್ಧ ಖಾಲಿಯಾಗಿದ್ದವು.

ತೆನೆಯಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ಯಿರಿ. ಕಾಳು ಬಿಡಿಸಿ, ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ, ಬಿಸಿಲಿಗೆ ಹಾಕಿ. ಬಣ್ಣ ಒಂದೇ ಸಮ ಕಪ್ಪಾಗುತ್ತದೆ. ಮೂರು ಕಿಲೋ ಹಸಿ ಕಾಳಿಗೆ ಸುಮಾರು ಒಂದು ಕಿಲೋ ಒಣ ಕಾಳು. ನಾಲ್ಕು ತೆನೆಯನ್ನು ಮಾತ್ರ ಹಸಿರಿದ್ದಾಗಲೇ ಕೊಯ್ದು, ಉಪ್ಪು ಹಾಕಿದ ನಿಂಬೆರಸದಲ್ಲಿ ಮುಳುಗಿಸಿ ಇಡಿ. ಬಿಸಿ ರೊಟ್ಟಿಗೆ ಮೊಸರು, ಬಾಯಿಗೊಂದು ಆ ಹಸಿ ಕಾಳು. ನಮ್ಮ ಮನೆಯಲ್ಲಿ ಮಕ್ಕಳು ಕಾಯುವುದು ಅದಕ್ಕೇ.