ಬೆಳಚು ಹೆಕ್ಕುವುದು ಹೇಗೆ? ಮರಿಗಳನ್ನು ಹೊಳೆಯಲ್ಲೇ ಬಿಟ್ಟು ಬನ್ನಿ

ಹೊಳೆಬಾಯಿಯ ಮರಳಿನಲ್ಲಿ ಸಿಗುವ, ತಿನ್ನುವ ಚಿಪ್ಪಿಕಲ್ಲು ಇದು: ಕುಮಟಾ ಕಡೆಯ ಬೆಳಚು, ಮಂಗಳೂರು ಕಡೆಯ ಮರುವಾಯಿ. ರಜೆ ಬಂತೆಂದರೆ ಹೊಳೆಬಾಯಿಗೆ ಇಳಿದು ಇದನ್ನು ಹೆಕ್ಕುವ ಪೇಟೆಯವರು ಈಗ ಜಾಸ್ತಿ. ಹೆಕ್ಕಲಿ, ತಪ್ಪೇನಿಲ್ಲ. ಆದರೆ ಬಹಳ ಜನ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ, ದೊಡ್ಡದು ಚಿಕ್ಕದು ಬೇರೆ ಮಾಡುವ ಕೆಲಸವನ್ನು ಮನೆಗೆ ಬಂದ ಮೇಲೆ ಮಾಡುತ್ತಾರೆ. ಅಷ್ಟು ಹೊತ್ತಿಗೆ ಮರಿಗಳು ಸತ್ತಿರುತ್ತವೆ. ಅವುಗಳಲ್ಲಿ ತಿನ್ನುವಷ್ಟು ಮಾಂಸವೂ ಇರುವುದಿಲ್ಲ, ಹೊಳೆಗೂ ವಾಪಸ್ ಸಿಗುವುದಿಲ್ಲ.

ಯಾವಾಗ ಇಳಿಯಬೇಕು

ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ನೋಡಿಕೊಳ್ಳಿ. ಆಗ ನೀರು ಚೆನ್ನಾಗಿ ಇಳಿಯುತ್ತದೆ. ಇಳಿತದ ಜೊತೆಗೇ ಇಳಿದು, ಉಬ್ಬರ ಶುರುವಾದ ಕೂಡಲೇ ಮೇಲೆ ಬನ್ನಿ. ಮಳೆಗಾಲದಲ್ಲಿ ಬೇಡವೇ ಬೇಡ.

ಎಲ್ಲಿ ಎಂಬುದನ್ನು ಊರಿನ ಹೆಂಗಸರನ್ನು ಕೇಳಿ. ದಿನಾ ಹೆಕ್ಕುವವರು ಅವರು. ಚರಂಡಿ ಬಂದು ಸೇರುವ ಕಡೆ, ನೀರಿನ ಬಣ್ಣ ಬದಲಾಗಿರುವ ಕಡೆ ಕೈ ಹಾಕಬೇಡಿ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆ ಅಳಿವೆಯ ಚಿಪ್ಪಿಕಲ್ಲು ತಿಂದವರು ವಿಷವೇರಿ ಆಸ್ಪತ್ರೆ ಸೇರಿದ್ದರು, ಒಬ್ಬ ಹುಡುಗ ತೀರಿಕೊಂಡ. ನೀರಿನಲ್ಲಿರುವ ಕೆಲವು ಸೂಕ್ಷ್ಮ ಪಾಚಿಗಳಿಂದ ಬರುವ ವಿಷ ಅದು. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ‘ಚೆನ್ನಾಗಿ ಕುದಿಸಿದರೆ ಎಲ್ಲ ಸರಿಯಾಗುತ್ತೆ’ ಎನ್ನುವವರ ಮಾತು ಕೇಳಬೇಡಿ.

ಏನು ಒಯ್ಯಬೇಕು

ಬಿದಿರಿನ ಬುಟ್ಟಿ, ಒಂದು ಜರಡಿ, ಒದ್ದೆ ಗೋಣಿ, ಹಳೆಯ ಕ್ಯಾನ್ವಾಸ್ ಬೂಟು. ಹವಾಯಿ ಚಪ್ಪಲಿ ಹಾಕಿ ಹೋದರೆ ಕೆಸರು ಅದನ್ನು ಇಟ್ಟುಕೊಂಡು ನಿಮ್ಮನ್ನು ಮಾತ್ರ ಕಳಿಸುತ್ತದೆ. ಸಿಂಪಿಯ ಅಂಚು ಬ್ಲೇಡಿನಷ್ಟು ಹರಿತ, ಬರಿಗಾಲೂ ಬೇಡ. ಗುದ್ದಲಿಯನ್ನಂತೂ ಮನೆಯಲ್ಲೇ ಬಿಡಿ. ಬೆರಳಿಗೆ ಸಿಗುವಷ್ಟು ಆಳದಲ್ಲೇ ಬೆಳಚು ಇರುತ್ತದೆ. ಗುದ್ದಲಿ ಹಾಕಿದರೆ ಸಿಕ್ಕಿದ್ದಕ್ಕಿಂತ ಒಡೆದದ್ದೇ ಹೆಚ್ಚು.

ಆರಿಸುವುದು: ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬುಟ್ಟಿ ತುಂಬುವವರೆಗೆ ಕಾಯಬೇಡಿ. ಕಾಲು ಬುಟ್ಟಿ ಆಗುತ್ತಲೇ ಮೊಣಕಾಲುದ್ದದ ನೀರಿಗೆ ಹೋಗಿ, ಜರಡಿಗೆ ಸುರಿದು, ನೀರಿನೊಳಗೇ ಅಲ್ಲಾಡಿಸಿ. ಒಣ ಮರಳಿನ ಮೇಲೆ ನಿಂತು ಜರಡಿ ಆಡಿಸಿದರೆ ಚಿಪ್ಪಿಗೆ ಚಿಪ್ಪು ಬಡಿದು ಅಂಚು ಒಡೆಯುತ್ತದೆ. ಒಡೆದ ಮರಿ ಬದುಕುವುದು ಕಷ್ಟ.

ಮನೆ ಕಟ್ಟುವವರ ಮರಳು ಜರಡಿ ಇದಕ್ಕೆ ಆಗುವುದಿಲ್ಲ, ಅದರ ಕಣ್ಣು ತೀರಾ ಸಣ್ಣದು. ಅಂಗಡಿಯ ಪ್ಲಾಸ್ಟಿಕ್ ತರಕಾರಿ ಜಾಲರಿಯೂ ದಂಡ. ಒಂದು ಬುಟ್ಟಿ ಭಾರಕ್ಕೆ ಅದರ ಹಿಡಿ ಮುರಿದು ಕೈಗೆ ಬರುತ್ತದೆ. ಮರದ ಚೌಕಟ್ಟಿಗೆ ದೊಡ್ಡ ಕಣ್ಣಿನ ಗಟ್ಟಿ ಬಲೆ ಬಿಗಿದರೆ ಸಾಕು. ನೆನಪಿಡಿ, ಬಲೆಯ ಕಣ್ಣು ಚಿಪ್ಪಿಯ ಉದ್ದವನ್ನು ಅಳೆಯುವುದಿಲ್ಲ. ಚಿಪ್ಪಿ ಓರೆಯಾಗಿ ತಿರುಗಿ, ತನ್ನ ದಪ್ಪ ಮತ್ತು ಅಗಲಕ್ಕೆ ತಕ್ಕ ಕಣ್ಣಿನಲ್ಲಿ ಕೆಳಗೆ ಜಾರುತ್ತದೆ. ಅಡ್ಡ ಮಲಗಿದ ಮರಿ ಮೇಲೆಯೇ ಉಳಿಯುವುದೂ ಉಂಟು. ಹಾಗಾಗಿ ಜರಡಿ ಆದ ಮೇಲೂ ಕಣ್ಣಾಡಿಸಿ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಿದ್ದರೂ ತೆಗೆದುಬಿಡಿ. ಅನುಮಾನ ಬಂದರೆ ಅದು ಹೊಳೆಯದ್ದು.

ವಾಪಸ್ ಬಿಡುವುದಕ್ಕೂ ರೀತಿ ಇದೆ. ಹೆಕ್ಕಿದ ಜಾಗದಲ್ಲೇ, ಅದೇ ಮರಳಿನಲ್ಲಿ, ನೀರು ನಿಂತಿರುವ ಕಡೆ ಹರಡಿ. ದಡದಿಂದ ಮುಷ್ಟಿಮುಷ್ಟಿ ಎಸೆಯಬೇಡಿ. ಒಣ ದಿಬ್ಬದ ಮೇಲೆ ಬಿದ್ದದ್ದನ್ನು ಕಾಗೆ, ಗರುಡ ಬಿಡುವುದಿಲ್ಲ. ರಾಶಿ ಹಾಕಿದರೆ ಕೆಳಗಿನವು ಉಸಿರುಗಟ್ಟುತ್ತವೆ. ಹರಡಿದರೆ ಅವು ತಾವಾಗಿಯೇ ಮರಳಿಗೆ ಇಳಿಯುತ್ತವೆ. ತೋಡಿದ ಗುಂಡಿಯನ್ನು ಕಾಲಿನಿಂದ ಮಟ್ಟ ಮಾಡಿ.

ಇನ್ನೊಂದು ಮಾತು. ಒಂದೇ ಜಾಗವನ್ನು ಬರಿದು ಮಾಡಬೇಡಿ, ದೊಡ್ಡವನ್ನೂ ಕೆಲವನ್ನು ಬಿಡಿ. ಬೆಳಚಿನ ಗಂಡು ಹೆಣ್ಣು ಹತ್ತಿರ ಬಂದು ಕೂಡುವುದಿಲ್ಲ. ಎರಡೂ ತಮ್ಮ ಬೀಜವನ್ನು ನೀರಿಗೆ ಬಿಡುತ್ತವೆ, ಅವು ಅಲ್ಲೇ ಸೇರಬೇಕು. ಹತ್ತಿರ ಹತ್ತಿರ ಸಾಕಷ್ಟು ಇದ್ದರೆ ತಾನೇ ಅದು ಆಗುವುದು?

ಇದೆಲ್ಲ ಅತಿಯಾಯಿತು ಅನ್ನಿಸಿದರೆ ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಕಥೆ ಕೇಳಿ. 1980ರ ದಶಕದಲ್ಲಿ ಅಲ್ಲಿನ ಚಿಪ್ಪಿಕಲ್ಲಿಗೆ ಹೊರದೇಶದ ಬೇಡಿಕೆ ಶುರುವಾಯಿತು. 1991ರಲ್ಲಿ ಹಿಡಿದದ್ದು ಸುಮಾರು 10,000 ಟನ್. 1993ಕ್ಕೆ ಅರ್ಧಕ್ಕೆ ಇಳಿಯಿತು. ಆಮೇಲೆ ನಿಯಮಗಳು ಬಂದವು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಿಡಿಯುವಂತಿಲ್ಲ. ಬಲೆಯ ಕಣ್ಣು 30 ಮಿ.ಮೀ. ಇರಬೇಕು. ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬೇಕಾಗುವಷ್ಟು ಸಣ್ಣದನ್ನು ರಫ್ತು ಮಾಡುವಂತಿಲ್ಲ. ಈ ಲೆಕ್ಕ ಚಿಪ್ಪು ಬಿಡಿಸಿದ ಮಾಂಸದ್ದು, ಚಿಪ್ಪಿನ ತೂಕದ್ದಲ್ಲ. ಮೀನುಗಾರಿಕೆ ಚೇತರಿಸಿಕೊಂಡಿತು. 2014ರಲ್ಲಿ ಸುಸ್ಥಿರ ಮೀನುಗಾರಿಕೆಗೆ ಕೊಡುವ ಎಂಎಸ್‌ಸಿ (ಮರೈನ್ ಸ್ಟುವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರವನ್ನು ದೇಶದಲ್ಲೇ ಮೊದಲು ಪಡೆದದ್ದು ಅದೇ.

ಕುಮಟಾ ಕಡೆಯ ನಮ್ಮ ಅಘನಾಶಿನಿ ಹೊಳೆಯೂ ಸಣ್ಣದಲ್ಲ. 2008ರ ಒಂದು ಅಧ್ಯಯನದ ಪ್ರಕಾರ ಆ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ಸಿಗುತ್ತಿತ್ತು. ಅದನ್ನು ಹೆಕ್ಕಿ ಬದುಕುತ್ತಿದ್ದವರು 2,000ಕ್ಕೂ ಹೆಚ್ಚು. ಅವರಿಗೆ ಹೊಟ್ಟೆಪಾಡು, ನಮಗೆ ಭಾನುವಾರದ ಸುಕ್ಕ. ಆದ್ದರಿಂದ ಮನೆಗೆ ಒಂದು ಹೊತ್ತಿಗೆ ಬೇಕಾದಷ್ಟೇ ಹೆಕ್ಕಿ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ದಡದಲ್ಲಿ ಮಾರುವವರಿಂದ ದುಡ್ಡು ಕೊಟ್ಟು ತನ್ನಿ, ಚೌಕಾಸಿ ಮಾಡದೆ.

ಮರಳು ಬಿಡಿಸುವುದು

ಮನೆಗೆ ಬುಟ್ಟಿಯಲ್ಲೇ, ಒದ್ದೆ ಗೋಣಿ ಮುಚ್ಚಿ ತನ್ನಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಸಾಯುತ್ತವೆ. ನಲ್ಲಿ ನೀರಿನಲ್ಲಿ ನೆನೆಹಾಕುವುದು ಎರಡನೇ ದೊಡ್ಡ ತಪ್ಪು. ಸಿಹಿನೀರು ತಾಗಿದರೆ ಚಿಪ್ಪಿ ಬಿಗಿಯಾಗಿ ಬಾಯಿ ಮುಚ್ಚುತ್ತದೆ, ಮರಳು ಒಳಗೇ ಉಳಿಯುತ್ತದೆ. ಹೆಕ್ಕಿದ ಜಾಗದ ನೀರನ್ನೇ ಒಂದು ಕ್ಯಾನಿನಲ್ಲಿ ತಂದು, ಬಟ್ಟೆಯಲ್ಲಿ ಸೋಸಿ ಬಳಸಿ. ಅದಿಲ್ಲದಿದ್ದರೆ ಲೀಟರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು. ಪಾತ್ರೆಯೊಳಗೆ ಒಂದು ಜಾಲರಿ ಇಟ್ಟು ಅದರ ಮೇಲೆ ಬೆಳಚು ಹರಡಿ. ಉಗುಳಿದ ಮರಳು ತಳಕ್ಕೆ ಹೋಗುತ್ತದೆ, ಮತ್ತೆ ಎಳೆದುಕೊಳ್ಳುವುದಿಲ್ಲ. ಕತ್ತಲಾಗುವಂತೆ ಮುಚ್ಚಿ ಮೂರು ನಾಲ್ಕು ಗಂಟೆ ಬಿಡಿ. ರಾತ್ರಿಯಿಡೀ ಬೇಡ, ನೀರು ಕೆಟ್ಟು ಅವೂ ಸಾಯುತ್ತವೆ.

ಬೇಯಿಸುವುದು

ತೆರೆದ ಬಾಯಿಯ ಚಿಪ್ಪಿಯನ್ನು ಬೆರಳಿನಿಂದ ತಟ್ಟಿ. ಮುಚ್ಚಿಕೊಳ್ಳದಿದ್ದರೆ ಎಸೆಯಿರಿ. ಉಳಿದವನ್ನು ಸ್ವಲ್ಪ ನೀರಿನಲ್ಲಿ ಮುಚ್ಚಿ ಬೇಯಿಸಿ. ಬೆಂದ ಮೇಲೂ ಬಾಯಿ ಬಿಡದವು ಕಸಕ್ಕೆ. ಬೆಂದ ನೀರನ್ನು ಚೆಲ್ಲಬೇಡಿ, ಮೇಲಿನದನ್ನು ಸೋಸಿ ಸಾರಿಗೆ ಹಾಕಿ, ತಳದ ಒಂದು ಬೆರಳು ಬಿಟ್ಟು. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಿ, ಆ ನೀರೇ ಸಾಕಷ್ಟು ಉಪ್ಪಾಗಿರುತ್ತದೆ.