ಆರನೇ ಕೋಣೆಯ ಹಾಲಿನ ಲೆಕ್ಕ

ಧಾರವಾಡದ ಹಳೇ ಪೇಟೆಯ ಒಂದು ಲಾಡ್ಜ್ ರಿಪೇರಿ ಕೆಲಸ ನನಗೆ ಬಂತು. ಮಾಲೀಕರು ಮೊದಲು ತೋರಿಸಿದ್ದು ಸೋರುವ ಮಾಡನ್ನಲ್ಲ, ಬಾಗಿಲ ಪಕ್ಕದ ಖಾಲಿ ಜಾಗವನ್ನು. ಇಂಥಿಂಥ ದೊಡ್ಡ ಗವಾಯಿಗಳು ಇಲ್ಲಿ ಇಳಿದಿದ್ದರು ಅಂತ ಅಲ್ಲಿ ಕಲ್ಲು ಕೆತ್ತಿಸಿ ಹಾಕಬೇಕಂತೆ.

ಈ ಊರಲ್ಲಿ ಅಂಥ ಆಸೆ ಹುಟ್ಟೋದು ಸಹಜ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ನೆಲೆಸಿದ್ದ ಮೀರಜ್‌ನಿಂದ ಇಲ್ಲಿಗೆ ರೈಲಿತ್ತು. ಸವಾಯಿ ಗಂಧರ್ವರ ಕುಂದಗೋಳ ಹತ್ತಿರವೇ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಇಲ್ಲಿ, 1913ರಲ್ಲಿ. ಮಲ್ಲಿಕಾರ್ಜುನ ಮನ್ಸೂರರಂತೂ ಹುಡುಗರಿದ್ದಾಗಲೇ ನಾಟಕ ಕಂಪನಿ ಸೇರಿದವರು. ಆದರೆ ಅಟ್ಟದ ಟ್ರಂಕಿನಲ್ಲಿ ಸಿಕ್ಕ ಹಳೇ ವಹಿಗಳಲ್ಲಿ ಈ ಹೆಸರು ಒಂದೂ ಇರಲಿಲ್ಲ. ಇದ್ದವರು ಪೇಟಿ (ಹಾರ್ಮೋನಿಯಂ) ಮಾಸ್ತರರು, ತಬಲಾದವರು, ಪರದೆ ಬರೆಯುವವರು, ಬಣ್ಣ ಹಚ್ಚುವವರು. ಕಂಪನಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಇವರದೇ ಮನೆ ಇದು. ಮಾಲೀಕರ ಮುಖ ಸಣ್ಣದಾಯಿತು. ನನಗೆ ಮಾತ್ರ ಕೆಲಸದ ಮೇಲೆ ಆಸೆ ಹುಟ್ಟಿದ್ದು ಆವಾಗಲೇ.

ಕಟ್ಟಡ ಮಣ್ಣು ಗಾರೆಯ ಕಲ್ಲಿನದು, ಮೇಲೆ ಸುಣ್ಣದ ಗಿಲಾವು, ಮಾಡಿಗೆ ಮಂಗಳೂರು ಹೆಂಚು. ನೂರು ವರ್ಷ ಹತ್ತಿರ ಬಂದರೂ ಗಟ್ಟಿ ಇತ್ತು. ಕೆಡಿಸಿದ್ದು ಇತ್ತೀಚಿನ ರಿಪೇರಿ. ಯಾರೋ ಕೆಳಗಿನ ಗೋಡೆಗೆಲ್ಲ ಆಳೆತ್ತರ ಸಿಮೆಂಟ್ ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದರು. ನೆಲದಿಂದ ಮೇಲೇರುವ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದು ಸಿಮೆಂಟ್ ಮುಗಿಯುವ ಕಡೆ ಹೊರಬಿದ್ದು ಉಪ್ಪು ಬಿಟ್ಟು, ಮೇಲಿನ ಹಳೇ ಗಿಲಾವನ್ನೂ ಉದುರಿಸುತ್ತಿತ್ತು. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ನಿಜ ಹೇಳ್ತೀನಿ, ಮೊದಲು ಬರೆದ ಅಂದಾಜಿನಲ್ಲಿ ನಾನೂ ಸಿಮೆಂಟೇ ಹಾಕಿದ್ದೆ, ವಾಟರ್‌ಪ್ರೂಫಿಂಗ್ ಪುಡಿ ಸಮೇತ. ನಮ್ಮ ಹಿರಿಯ ಗೌಂಡಿ ಅದನ್ನು ಕೇಳಿ ಬೀಡಿ ಕೆಳಗಿಟ್ಟರು. “ಸಾಹೇಬ್ರ, ಗ್ವಾಡಿ ಬೆವರತೈತ್ರಿ. ಬೆವರು ಹೊರಗ ಬರಾಕ ಬಿಡ್ರಿ” ಅಂದರು. ಅಂದಾಜು ಹರಿದು ಹಾಕಿದೆ.

ಸಿಮೆಂಟ್ ಕೀಳೋಕೇ ಎರಡು ತಿಂಗಳು ಹಿಡಿಯಿತು. ಮಷೀನ್ ಹಚ್ಚಿದರೆ ಒಳಗಿನ ಮಣ್ಣು ಅದುರಿ ಜಾರುತ್ತದೆ, ಹಾಗಾಗಿ ಎಲ್ಲಾ ಚಾಣ ಸುತ್ತಿಗೆಯಲ್ಲೇ. ಆಮೇಲೆ ಗೋಡೆ ಒಣಗಲು ಸುಮ್ನೆ ಬಿಟ್ಟೆವು, ಒಂದು ಬೇಸಿಗೆ ಪೂರ್ತಿ. ಮಾಲೀಕರಿಗೆ ಇದನ್ನು ಒಪ್ಪಿಸೋದೇ ಕಷ್ಟ. ಕೆಲಸದವರೇ ಇಲ್ಲದ ಕಟ್ಟಡ ನೋಡಿದರೆ ದುಡ್ಡು ಕೊಡೋರಿಗೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅಷ್ಟರಲ್ಲಿ ಹಿತ್ತಲಿನ ಗುಂಡಿಯಲ್ಲಿ ಸುಣ್ಣ ಅರಳಿಸಿ, ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಕೊಳೆಹಾಕಿದೆವು. ಅರೆಬರೆ ಅರಳಿದ ಹರಳು ಉಳಿದರೆ ಅದು ಗೋಡೆ ಮೇಲೆ ಕೂತ ಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಬೆಣ್ಣೆಯಂತಾದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಹಾಕಿದ ನೀರು, ಸ್ವಲ್ಪ ಬೆಲ್ಲ. ಬೆಲ್ಲ ಜಾಸ್ತಿ ಆದರೆ ಇರುವೆ ಸಾಲುಗಟ್ಟುತ್ತವೆ, ಇದು ಅನುಭವದ ಮಾತು. ಹಚ್ಚಿದ ಮೇಲೆ ಎರಡು ವಾರ ಒದ್ದೆ ಗೋಣಿ ಕಟ್ಟಿ ತಂಪಾಗಿಟ್ಟೆವು.

ಮೇಲಿನ ಹಾಲ್‌ನಲ್ಲಿ ಹಳೇ ಹಲಗೆ ನೆಲ ಅಲ್ಲಲ್ಲಿ ಗೆದ್ದಲು ಹಿಡಿದಿತ್ತು. ಮಾಲೀಕರ ಹಟಕ್ಕೆ ಅರ್ಧ ಹಾಲ್‌ನಲ್ಲಿ ಹಲಗೆ ತೆಗೆದು ಹೊಳೆಯುವ ಟೈಲ್ಸ್ ಹಾಕಿದೆವು. ಮಾಲೀಕರ ಮೊಮ್ಮಗ ತಬಲಾ ಕಲಿಯುತ್ತಾನೆ. ಒಂದು ಸಂಜೆ ಅಲ್ಲಿ ಕೂತು ಬಾರಿಸಿದ. ಕೊಡದೊಳಗೆ ಕಲ್ಲು ಅಲ್ಲಾಡಿಸಿದ ಹಾಗಿತ್ತು, ಒಂದು ಬೋಲಿನ ಸದ್ದು ಮುಗಿಯುವ ಮುಂಚೆ ಇನ್ನೊಂದರ ಮೇಲೆ ಬೀಳುತ್ತಿತ್ತು. ಹಲಗೆ ಉಳಿದಿದ್ದ ಕಡೆ ಜಮಖಾನ ಹಾಸಿ ಕೂತರೆ ಪ್ರತಿ ಪೆಟ್ಟೂ ಬೇರೆ ಬೇರೆ ಕೇಳಿಸಿತು. ಮರುದಿನ ಮಾಲೀಕರೇ ಫೋನ್ ಮಾಡಿ “ಕೀಳಸ್ರಿ ಅವನ್ನ” ಅಂದರು. ಟೈಲ್ಸ್ ದುಡ್ಡು ಹೋಯಿತು. ಹಳೇ ಸಾಗವಾನಿ ತೊಲೆಗಳನ್ನು ಕೊಯ್ಸಿ ಹಲಗೆ ಮಾಡಿಸಿದೆವು.

ಈಗ ನನ್ನ ತಪ್ಪು. ಐದನೇ ಕೋಣೆಯ ಗೋಡೆ ಕೆರೆಯಲು ಹುಡುಗರಿಗೆ ಹೇಳಿ ನಾನು ಸ್ಯಾನಿಟರಿ ಅಂಗಡಿಗೆ ಹೋಗಿದ್ದೆ. ಸಂಜೆ ಬಂದಾಗ ಗೋಡೆ ಬೋಳು. ಮರುದಿನ ಆರನೇ ಕೋಣೆಯಲ್ಲಿ ನಾನೇ ನಿಂತು ಸುಣ್ಣದ ಪದರು ಒಂದೊಂದೇ ಬಿಡಿಸುವಾಗ ಪೆನ್ಸಿಲ್ ಬರಹ ಕಾಣಿಸಿತು. ಹಾಲಿನ ಲೆಕ್ಕ. ದಿನಕ್ಕೊಂದು ಗೀಟು, ವಾರಕ್ಕೊಮ್ಮೆ ಆಣೆಯಲ್ಲಿ ಮೊತ್ತ. ಆಣೆ ಹೋಗಿ ನಯಾ ಪೈಸೆ ಬಂದಿದ್ದು 1957ರಲ್ಲಿ, ಹಾಗಾಗಿ ಹೆಚ್ಚು ಕಡಿಮೆ ಅದಕ್ಕಿಂತ ಹಳೇದು. ಪಕ್ಕದಲ್ಲಿ ಅದೇ ಕೈಬರಹದಲ್ಲಿ ಒಂದು ತಬಲಾ ಕಾಯಿದೆ, ಅಂದರೆ ಬಾರಿಸುವ ಬೋಲುಗಳ ಒಂದು ರಚನೆ, ಎರಡು ಕಡೆ ಹೊಡೆದು ತಿದ್ದಿದ್ದು. ಹುಡುಗರನ್ನು ಕೇಳಿದೆ, ಐದರಲ್ಲೂ ಏನಾದರೂ ಇತ್ತೇನ್ರೋ ಅಂತ. “ಏನೋ ಗೀಚಿದ್ದು ಇತ್ರಿ” ಅಂದರು. ಬೈಯಲು ಬಾಯಿ ಬರಲಿಲ್ಲ. ಕೆರೆಯಿರಿ ಅಂದವನು ನಾನೇ.

ಆರನೇ ಕೋಣೆಯಲ್ಲಿ ಆ ಬರಹದ ಅಂಚಿಗೆ ಮಾತ್ರ ತೆಳು ಸುಣ್ಣ ಕೊಟ್ಟು, ಉದುರದಂತೆ ಕೂರಿಸಿ, ಬೆರಳಷ್ಟು ಸಂದು ಬಿಟ್ಟು ಮುಂದೆ ಗಾಜು ನಿಲ್ಲಿಸಿದೆವು. ಸಂದು ಇಲ್ಲದಿದ್ದರೆ ಒಳಗೆ ಮತ್ತೆ ಬೆವರು. ಮೊಮ್ಮಗ ಆ ಕಾಯಿದೆ ಬಾರಿಸಲು ನೋಡಿದ, ತಿದ್ದಿದ ಕಡೆ ಬಂದು ತಡವರಿಸಿದ.

ಬಾಗಿಲ ಪಕ್ಕದ ಕಲ್ಲು ಹಾಕಲಿಲ್ಲ. ಅಲ್ಲಿ ಈಗ ಚಪ್ಪಲಿ ಸ್ಟ್ಯಾಂಡ್ ಇದೆ.