ಹತ್ತಕ್ಕೆ ನಾಲ್ಕು: ಗಾಂಜಾ ಬಿಡಿಸೋ ಕೆಲಸದಲ್ಲಿ ನನ್ನ ಅನುಭವ

"ಇದಕ್ಕೆ ಮಾತ್ರೆ ಇಲ್ವಾ ಮೇಡಂ?" ಮಗನ್ನ ಕರ್ಕೊಂಡು ಬರೋರು ಮೊದ್ಲು ಕೇಳೋದೇ ಇದು. ನಿದ್ದೆಗೋ ಸಿಡುಕಿಗೋ ಡಾಕ್ಟ್ರು ಏನಾದ್ರೂ ಬರ್ಕೊಡಬಹುದು, ಆದ್ರೆ ಗಾಂಜಾ ಚಟಕ್ಕೇ ಅಂತ ಒಪ್ಪಿಗೆ ಸಿಕ್ಕಿರೋ ಔಷಧಿ ಇನ್ನೂ ಇಲ್ಲ, ನಮ್ಮತ್ರ ಇರೋದು ಮಾತು, ಒಂದು ನೋಟ್‌ಬುಕ್ಕು, ತಾಳ್ಮೆ. ನಾನು ಡಿ-ಅಡಿಕ್ಷನ್ ಕೌನ್ಸೆಲರ್. ಒಬ್ಬ ಹುಡುಗನ ಕೇಸ್ ಹೇಳ್ತೀನಿ, ಗುರುತು ಸಿಗದಂಗೆ ಕೆಲವು ವಿವರ ಬದ್ಲಾಯಿಸಿದೀನಿ.

21 ವರ್ಷ, ಐಟಿಐ ಓದ್ತಿದ್ದ, ದಿನಕ್ಕೆ ನಾಲ್ಕೈದು ಜಾಯಿಂಟು. ಅಮ್ಮ ಎಳ್ಕೊಂಡು ಬಂದಿದ್ರು. ಹಳೇ ಅಭ್ಯಾಸ ನೋಡಿ, ನಾನೂ ಮೆದುಳು, ಶ್ವಾಸಕೋಶ ಅಂತ ಪಾಠ ಶುರು ಹಚ್ಕೊಂಡೆ. ಅವ್ನು ತಲೆ ಎತ್ತದೆ "ಯಾದಗಿರಿ ಕಡೆ ಪ್ರಸಾದ ಅಂತ ಕೊಡ್ತಾರೆ ಮೇಡಂ, ಸೊಪ್ಪು ತಾನೇ" ಅಂದ. ಇಲ್ಲಿ ವಾದಕ್ಕಿಳಿದ್ರೆ ಅವ್ನು ಗಾಂಜಾ ಕಡೆ ಲಾಯರು, ನಾನು ಪೊಲೀಸು, ಅಲ್ಲಿಗೆ ಕಥೆ ಮುಗೀತು. ಪಾಠ ನಿಲ್ಲಿಸಿ ಕೇಳ್ದೆ, ಬಿಡ್ಬೇಕು ಅನ್ನೋದು ನಿಂಗೆ ಹತ್ತಕ್ಕೆ ಎಷ್ಟಿದೆ? ನಾಲ್ಕು ಅಂದ. ಆಗ "ಯಾಕೆ ನಾಲ್ಕೇ" ಅಂತ ಕೇಳ್ಬಾರದು, ಕೇಳಿದ್ರೆ ಬಿಡದೇ ಇರೋಕೆ ಕಾರಣ ಜೋಡಿಸ್ತಾನೆ. "ಒಂದು ಅನ್ಬೋದಿತ್ತಲ್ಲ, ನಾಲ್ಕು ಯಾಕಂದೆ?" ಅಂದೆ. ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ ಎರಡು ಸಲ ಪರೀಕ್ಷೆ ಹೋಗಿದ್ದು, ತಂಗಿ ಮಾತು ಬಿಟ್ಟಿದ್ದು, ಎಲ್ಲಾ ಅವ್ನೇ ಹೇಳ್ದ. ಅವ್ನ ಮಾತಲ್ಲೇ ಬರೆದಿಟ್ಕೊಂಡೆ, ಮುಂದೆ ಬೇಕಾಗುತ್ತೆ.

ಇದಕ್ಕೆ ಮೋಟಿವೇಷನಲ್ ಥೆರಪಿ ಅಂತಾರೆ. ಇದೊಂದೇ ಸಾಲಲ್ಲ. ಅಮೆರಿಕದಲ್ಲಿ 450 ಜನರ ಮೇಲೆ ಮಾಡಿ 2004ರಲ್ಲಿ ಬಂದ ಸ್ಟಡಿಲಿ ಇದರದ್ದೇ ಬರೀ ಎರಡು ಸೆಷನ್‌ಗಿಂತ, ಸಿಬಿಟಿನೂ (ಯೋಚನೆ, ಅಭ್ಯಾಸ ಗಮನಿಸಿ ಬದಲಾಯಿಸೋ ಥೆರಪಿ) ಸೇರಿಸಿದ ಒಂಬತ್ತು ಸೆಷನ್ ಜಾಸ್ತಿ ಉಪಯೋಗ ಆಯ್ತು. ನಾನೂ ಒಂಬತ್ತು ಇಟ್ಕೊಂಡೆ.

ಸಿಬಿಟಿ ಅಂದ್ರೆ ನಮ್ಮಲ್ಲಿ ನೋಟ್‌ಬುಕ್ಕು. ಯಾವಾಗ ಸೇದ್ದೆ, ಯಾರಿದ್ರು, ಅದಕ್ಕೆ ಮುಂಚೆ ಏನಾಯ್ತು. ಹತ್ತು ದಿನದ ಪುಟ ತಿರುಗಿಸಿದ್ರೆ ಒಂದೇ ಜಾಗ ಕಾಣ್ತಿತ್ತು, ಸಂಜೆ ಐದೂವರೆ, ಬಸ್ಸಿಳಿದ ತಕ್ಷಣ ಟೀ ಅಂಗಡಿ, ಮೊದ್ಲು ಸಿಗರೇಟು, ಆಮೇಲೆ ಇನ್ನೊಂದು ಸಿಗರೇಟಿನ ತಂಬಾಕು ಉದುರಿಸಿ ಅದಕ್ಕೆ ಸೊಪ್ಪು. ಒಂದು ಸ್ಟಾಪ್ ಮುಂಚೆ ಇಳಿಯೋದು, ಅಲ್ಲಿರೋ ವಾಲಿಬಾಲ್ ಗ್ರೌಂಡಿಗೆ ಹೋಗೋದು ಅಂತ ಪ್ಲಾನ್ ಮಾಡಿದ್ವಿ. ಬೇಡ ಅನ್ನೋದನ್ನೂ ಪ್ರಾಕ್ಟೀಸ್ ಮಾಡ್ಸಿದೆ. ನಾನೇ ಅವ್ನ ಫ್ರೆಂಡ್ ಆಗಿ "ಬಾ ಮಗಾ ಒಂದು ದಮ್ಮು" ಅಂದ್ರೆ ಬಿದ್ದು ಬಿದ್ದು ನಕ್ಕ. ಮೊದ್ಲು "ಅಮ್ಮ ಬೈತಾರೆ" ಅಂತಿದ್ದ, ಆ ಉತ್ತರಕ್ಕೆ ಫ್ರೆಂಡ್ಸ್ ಹತ್ರ ಹತ್ತು ಉಪಾಯ ಇರುತ್ತೆ. "ಬಿಟ್ಟಿದೀನಿ ಕಣೋ" ಅಂತ ಕಣ್ಣು ನೋಡಿ ಹೇಳೋಕೆ ಮೂರು ಸೆಷನ್ ಹಿಡೀತು.

ಬಿಟ್ಟ ಮೇಲೆ ಒಂದೆರಡು ದಿನಕ್ಕೇ ಸಿಡುಕು, ಊಟ ಸೇರಲ್ಲ, ನಿದ್ದೆ ಬರಲ್ಲ, ಬಂದ್ರೂ ವಿಚಿತ್ರ ಕನಸು, ಮೊದಲ ವಾರದಲ್ಲೇ ಜೋರು, ಆಮೇಲೆ ಎರಡು ಮೂರು ವಾರದಲ್ಲಿ ಇಳಿಯುತ್ತೆ. ಇದನ್ನ ಮನೆಯವರಿಗೆ ಮೊದ್ಲೇ ಹೇಳ್ಬೇಕು, ಇಲ್ಲಾಂದ್ರೆ "ಬಿಟ್ಟ ಮೇಲೆ ಇನ್ನೂ ಕೆಟ್ಟೋದ" ಅಂತಾರೆ. ಆಸೆ ಜೋರಾಗಿ ಬಂದಾಗ ಏನ್ಮಾಡ್ಲಿ ಅಂತ ಕೇಳ್ದ. ಜೋರು ಮಳೆ ಬಂದ್ರೆ ಬಸ್‌ಸ್ಟಾಂಡಲ್ಲಿ ನಿಂತ್ಕೊಳಲ್ವಾ, ಮಳೆ ಜೊತೆ ಜಗಳ ಆಡ್ತೀಯಾ, ಹಂಗೇ ನಿಂತು ನೋಡು, ಇಳಿಯುತ್ತೆ ಅಂದೆ.

ನಾನು ಎಡವಿದ್ದು ಯೂರಿನ್ ಟೆಸ್ಟಲ್ಲಿ. ನೆಗೆಟಿವ್ ಬಂದ ಪ್ರತಿ ಸಲ ಬಹುಮಾನ, ಸತತವಾಗಿ ಬಂದ್ರೆ ಮೊತ್ತ ಜಾಸ್ತಿ, ಪಾಸಿಟಿವ್ ಬಂದ್ರೆ ಮತ್ತೆ ಮೊದಲಿಂದ, ಈ ಪದ್ಧತಿಗೆ ಒಳ್ಳೆ ರಿಸಲ್ಟ್ ಇದೆ. ಅಮ್ಮ ಐವತ್ತು ರೂಪಾಯಿಯಿಂದ ಶುರು ಮಾಡೋಕೆ ಒಪ್ಪಿದ್ರು, ವಾಲಿಬಾಲ್ ಶೂಗೆ ಅಂತ. ಎರಡನೇ ವಾರ ಪಾಸಿಟಿವ್. ಹುಡುಗ ಮುಟ್ಟಿಲ್ಲ ಅಂತ ಆಣೆ ಇಡ್ತಿದಾನೆ, ಅಮ್ಮ ಅಲ್ಲೇ ಬಾಯಿಗೆ ಬಂದಂಗೆ ಬೈದ್ರು, ಅವ್ನು ಎದ್ದು ಹೋದ. ದಿನಾ ಸೇದೋರಿಗೆ ಬಿಟ್ಟು ಒಂದು ತಿಂಗಳಾದ್ರೂ, ಕೆಲವ್ರಿಗೆ ಇನ್ನೂ ಜಾಸ್ತಿ ದಿನ ಪಾಸಿಟಿವ್ ಬರಬಹುದು, ಗಾಂಜಾ ಅಂಶ ಮೈ ಕೊಬ್ಬಲ್ಲಿ ಕೂತಿರುತ್ತೆ. ನಂಗೆ ಗೊತ್ತಿತ್ತು, ಇಬ್ಬರಿಗೂ ಹೇಳಿರ್ಲಿಲ್ಲ. ಫೋನ್ ಮಾಡಿ ತಪ್ಪು ನಂದು ಅಂದೆ. ಆಮೇಲಿಂದ ಸೆಷನ್‌ಗೆ ಬಂದಿದ್ದಕ್ಕೇ ದುಡ್ಡು, ಟೆಸ್ಟು ಆರನೇ ವಾರದಿಂದ.

ಗಣೇಶನ ವಿಸರ್ಜನೆ ರಾತ್ರಿ ಸೇದಿಬಿಟ್ಟ. ಮಾರನೇ ದಿನ ಯಾರೂ ಕರೀದೆ ಬಂದು ನೋಟ್‌ಬುಕ್ ಮುಂದಿಟ್ಟ. ಡೊಳ್ಳು, ಟ್ರ್ಯಾಕ್ಟರು, ಯಾರು ಕೊಟ್ರು, ತಾನೇನಂದೆ, ಎಲ್ಲಾ ಬರ್ಕೊಂಡಿದ್ದ. ಹತ್ತಕ್ಕೆ ಎಷ್ಟು ಅಂದೆ. ಏಳು ಅಂದ. ಯಾಕೆ ಅಂತ ನಾನು ಕೇಳೋ ಮುಂಚೆನೇ ಹೇಳೋಕೆ ಶುರು ಮಾಡ್ದ.

ಈಗ ಸಿಗರೇಟ್ ಬಿಡೋಕೆ ಕೂತಿದೀವಿ, ಅದಕ್ಕೆ ಮೂರು ಅಂದಿದಾನೆ.